ಮಿಕ್ಸರ್‌ನ ತಲೆಯ ಮೇಲೆ ಕೂತವನು

ನಾನು ಒಂದು ಮಿಕ್ಸರ್. ಚಟ್ನಿ ರುಬ್ಬುವ ಮಿಕ್ಸರ್ ಅಲ್ಲ. ಹಾಗೆಂದುಕೊಂಡವರಿಂದ ನನಗೆ ಬೇಕಾದಷ್ಟು ಅವಮಾನವಾಗಿದೆ. ಹತ್ತಾರು ಮೈಕುಗಳಿಂದ ಬಂದ ದನಿಗಳನ್ನು ಹದವಾಗಿ ಬೆರೆಸಿ ಸ್ಪೀಕರಿಗೆ ಕಳಿಸುವ ಮಿಕ್ಸರ್. ಮೈ ತಗಡಿನದು, ಬಣ್ಣ ಹಸಿರು. ಮುಂದಿನ ಅಂಚಿನಲ್ಲಿ ಮೇಲೆ ಕೆಳಗೆ ಜಾರುವ ಎಂಟು ಗುಂಡಿಗಳಿವೆ, ಎಂಟು ಮೈಕಿಗೆ ಎಂಟು. ಬಲತುದಿಯಲ್ಲಿ ಕೆಂಪು ಟೊಪ್ಪಿಗೆಯ ಇನ್ನೊಂದು ಗುಂಡಿ, ಇದು ತಿರುಗುವುದು. ಅದರ ಕೆಳಗೆ ‘ಎಕೋ’ ಎಂದು ಬರೆದಿದೆ. ಈ ಕೆಂಪು ಗುಂಡಿಯನ್ನು ನೆನಪಿನಲ್ಲಿಡಿ. ನನ್ನ ಹೆಮ್ಮೆಯೂ ಅದೇ, ನಾನು ಮಾಡಿದ ಪಾಪವೂ ಅದೇ.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ಹುಟ್ಟು ಹೊಟ್ಟೆಕಿಚ್ಚಿನವನು. ಮುಚ್ಚಿಡುವುದರಿಂದ ಏನೂ ಪ್ರಯೋಜನವಿಲ್ಲ, ಮುಂದೆ ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತದೆ.

ನನ್ನನ್ನು ಹೆತ್ತವನು ಹುಬ್ಬಳ್ಳಿಯ ದಾವಲಸಾಬ. ಒಂದೇ ಕೋಣೆಯ ಅಂಗಡಿ, ಒಂದು ಮೇಜು, ಒಂದು ಕಾಯಿಸುವ ಕಡ್ಡಿ. ತಗಡನ್ನು ತಾನೇ ಕತ್ತರಿಸಿ, ತೂತು ಕೊರೆದು, ಒಂದೊಂದೇ ತಂತಿಯನ್ನು ಸೀಸ ಕರಗಿಸಿ ಅಂಟಿಸುತ್ತಿದ್ದ. ಅದೇ ಮೇಜಿನ ಮೇಲೆ, ಅದೇ ವಾರದಲ್ಲಿ, ನನಗೊಬ್ಬ ಜೋಡಿಯೂ ಹುಟ್ಟಿದ. ಒಳಗಿನ ಕರುಳೆಲ್ಲ ಒಂದೇ. ಆದರೆ ಬಣ್ಣ ಹೊಡೆಯುವ ಹೊತ್ತಿಗೆ ಬೆಳ್ಳಿ ಬಣ್ಣ ಒಬ್ಬನಿಗೆ ಸಾಕಾಗುವಷ್ಟೇ ಉಳಿದಿತ್ತು. ಅದು ಅವನ ಪಾಲಾಯಿತು, ನನಗೆ ಕಿಟಕಿಗೆ ಬಳಿಯುವ ಹಸಿರು. ಅವನನ್ನು ಗಾಳಿಯೂ ನುಗ್ಗದ ಒಂದು ದೊಡ್ಡ ಸಭಾಂಗಣದವರು ಬಂದು ಬಟ್ಟೆ ಸುತ್ತಿ ಒಯ್ದರು. ನನ್ನನ್ನು ಒಯ್ದವರು ಒಂದು ನಾಟಕ ಕಂಪನಿಯವರು, ಗೋಣಿಚೀಲದಲ್ಲಿ. ಆ ಬೆಳ್ಳಿ ಮುಖದವನು ಎಲ್ಲಿದ್ದಾನೋ ಗೊತ್ತಿಲ್ಲ. ಎಲ್ಲಿದ್ದರೂ ಅವನ ಬಣ್ಣ ಸುಲಿದಿರಲಿ ಎಂದು ಈಗಲೂ ಅಂದುಕೊಳ್ಳುತ್ತೇನೆ.

ಕಂಪನಿಯಲ್ಲಿ ನನ್ನ ಉರಿಗೆ ಕಾರಣ ಕಾಲುಪೇಟಿ, ಎಂದರೆ ಕಾಲಿನಿಂದ ಗಾಳಿ ಒತ್ತಿ ನುಡಿಸುವ ಹಾರ್ಮೋನಿಯಂ. ದಿನಾಲೂ ಆಟಕ್ಕೆ ಮೊದಲು ಅದಕ್ಕೆ ಊದುಬತ್ತಿ, ಮಲ್ಲಿಗೆ ಮಾಲೆ, ನಟರೆಲ್ಲರ ನಮಸ್ಕಾರ. ನಾನು ಪರದೆಯ ಹಿಂದೆ ಮೊಳಕಾಲೆತ್ತರದ ಸ್ಟೂಲಿನ ಮೇಲೆ ಕೂತು ನೋಡಬೇಕು. ಅದರ ದನಿಯನ್ನು ಕೊನೆಯ ಸಾಲಿನ ಪ್ರೇಕ್ಷಕನ ಕಿವಿಗೆ ಮುಟ್ಟಿಸುತ್ತಿದ್ದವನು ನಾನು, ಆದರೆ ನನಗೊಂದು ಎಸಳು ಹೂವು ಇಟ್ಟವರಿಲ್ಲ. ನನ್ನ ಕಡೆಗೆ ಇದ್ದವನು ಒಬ್ಬನೇ, ಕಂಪನಿಯ ಮೈಕಿನವನು, ಮಲಕಾಜಪ್ಪ. ಆಗ ಅವನಿಗೆ ಇನ್ನೂ ಮೀಸೆ ದಟ್ಟವಾಗಿ ಬಂದಿರಲಿಲ್ಲ. ಸಂಜೆ ಪರದೆ ಕಟ್ಟುವ ಮೊದಲು ಒದ್ದೆ ಬಟ್ಟೆಯಿಂದ ನನ್ನ ಮೈಯ ಧೂಳು ಒರೆಸಿ, ಎಂಟೂ ಗುಂಡಿಗಳನ್ನು ಒಂದು ಸಲ ಮೇಲೆ ಕೆಳಗೆ ಜಾರಿಸಿ ನೋಡುತ್ತಿದ್ದ. ಅವನ ಬೆರಳು ಅಷ್ಟು ಹಗುರ.

ನನ್ನ ಕೆಂಪು ಗುಂಡಿಯ ಮಹಿಮೆ ಅವನಿಗೆ ತಿಳಿದದ್ದು ಅಲ್ಲೇ. ಸತ್ತ ತಾಯಿಯ ದನಿ ಕೇಳಿಸುವ ದೃಶ್ಯದಲ್ಲಿ ಅವನು ಎಕೋ ತಿರುಗಿಸಿದರೆ, ಆಡಿದ ಮಾತು ಗೋಡೆಗೆ ಬಡಿದು ಮತ್ತೆ ಮತ್ತೆ ತಿರುಗಿ ಬಂದಂತೆ ಆಗುತ್ತಿತ್ತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ದೇವರು ಮಾತಾಡಿದರೆ ಎಕೋ, ರಾಜ ಆಣೆ ಇಟ್ಟರೆ ಎಕೋ, ಕೊನೆಗೆ ಮಂಗಳಾರತಿಗೂ ಎಕೋ. ದೊಡ್ಡದೆಂದರೆ ಎಕೋ ಎಂಬುದು ಮಲಕಾಜಪ್ಪನ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ನನ್ನ ತಲೆಯಲ್ಲೂ ಅಷ್ಟೇ.

ಕಂಪನಿ ಮುಚ್ಚಿದಾಗ ಮಾಲೀಕರು ನನ್ನನ್ನು ಅವನ ಕೈಗೆ ಕೊಟ್ಟರು, ಅವನು ನನ್ನನ್ನು ಹೆಗಲ ಮೇಲೆ ಹೊತ್ತು ತನ್ನೂರು ಬನಹಟ್ಟಿಗೆ ಬಂದ. ಅವನ ಓಣಿಯಲ್ಲಿ ಮನೆಗೊಂದು ಮಗ್ಗ, ಕೆಲವು ಮನೆಗಳಲ್ಲಿ ನಾಲ್ಕು. ಎಲ್ಲವೂ ಕರೆಂಟಿನ ಮಗ್ಗಗಳು. ಬೆಳಗಿನಿಂದ ಧಡ್ ಕಟ್, ಧಡ್ ಕಟ್. ಮೊದಲ ದಿನ ನನಗೆ ತಲೆ ಸಿಡಿದುಹೋಯಿತು. ಇಷ್ಟು ಗದ್ದಲದ ಊರಲ್ಲಿ ದನಿ ಬೆರೆಸುವವನನ್ನು ಕೇಳುವವರು ಯಾರು ಎಂದು ಕಂಗಾಲಾದೆ. ಆದರೆ ತಿಂಗಳಿಗೆ ಒಂದು ದಿನ, ಅಮಾವಾಸ್ಯೆಯಂದು, ಓಣಿಯಲ್ಲಿ ಯಾರೂ ಮಗ್ಗ ಹೂಡುವುದಿಲ್ಲ. ಎಣ್ಣೆ ಬಿಟ್ಟು, ಪೂಜೆ ಮಾಡಿ, ಮಗ್ಗಕ್ಕೆ ರಜೆ ಕೊಡುತ್ತಾರೆ. ಆ ಒಂದು ದಿನ ಓಣಿಯಲ್ಲಿ ಗುಬ್ಬಿ ಚಿಲಿಪಿಲಿ ಎನ್ನುವುದೂ ಕೇಳಿಸುತ್ತದೆ.

ಮಲಕಾಜಪ್ಪ ಧ್ವನಿವರ್ಧಕದ ಅಂಗಡಿ ಇಟ್ಟ. ಮದುವೆ, ಸೀಮಂತ, ತೊಟ್ಟಿಲ ಕಾರ್ಯ, ಎಲ್ಲಕ್ಕೂ ನಾನೇ. ಅವನ ಮದುವೆಯೂ ಆಯಿತು. ಹೆಂಡತಿ ಶಂಕ್ರವ್ವ ನೇಕಾರರ ಮಗಳು. ಕಂಡಿಕಿ ಸುತ್ತುತ್ತಾ, ಎಂದರೆ ಮಗ್ಗದ ಲಾಳಿಗೆ ನೂಲು ತುಂಬುತ್ತಾ, ದಿನವಿಡೀ ಹಾಡುವ ಹೆಂಗಸು. ಅವಳ ತಾಯಿಯಿಂದ ಬಂದ ಹನ್ನೊಂದು ಹಾಡುಗಳಿದ್ದವು, ಓಣಿಯಲ್ಲಿ ಬೇರೆ ಯಾರಿಗೂ ಬಾರದವು. ಓಣಿಯ ಯಾವ ಮದುಮಗಳೂ ಶಂಕ್ರವ್ವನ ಹಾಡಿಲ್ಲದೆ ಹೊಸ್ತಿಲು ದಾಟಿಲ್ಲ. ಅವಳು ಹಾಡಲು ಕೂತರೆ ಮಲಕಾಜಪ್ಪ ಒಂದನೇ ಗುಂಡಿಯನ್ನು ಮುಕ್ಕಾಲಿಗೆ ಏರಿಸಿ, ಕೆಂಪು ಗುಂಡಿಯನ್ನು ಅರ್ಧ ತಿರುಗಿಸುತ್ತಿದ್ದ. ಜನ ತಲೆದೂಗುತ್ತಿದ್ದರು.

ಮನೆಗೆ ಬಂದ ಮೇಲೆ ಅವನು ಹೇಳುತ್ತಿದ್ದದ್ದು ಒಂದೇ ಮಾತು, ಇವತ್ತು ಸೆಟ್ ಭಾರಿ ಕೂಡಿತು ಎಂದು. ಸೆಟ್ ಎಂದರೆ ಮೈಕು, ಸ್ಪೀಕರು, ನಾನು. ಹೆಂಡತಿಯ ದನಿ ಚೆನ್ನಾಗಿತ್ತು ಎಂದು ಮೂವತ್ತು ವರ್ಷದಲ್ಲಿ ಒಮ್ಮೆಯೂ ಅವನ ಬಾಯಿಂದ ಬರಲಿಲ್ಲ. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಬದಲಾಗಿ ಉಬ್ಬಿಹೋದೆ. ಆ ದನಿಗೆ ಅಷ್ಟು ಅಂದ ಕೊಟ್ಟವನು ನಾನೇ ತಾನೇ?

ಆಮೇಲೆ ಡಿಜೆಗಳು ಬಂದವು. ಮದುವೆ ಮನೆಯವರಿಗೆ ಎದೆಗೂಡು ಅಲುಗಿಸುವ ಪೆಟ್ಟಿಗೆಗಳು ಬೇಕಾದವು. ಅಂಗಡಿ ಮುಚ್ಚಿತು. ನನ್ನನ್ನು ನಡುಮನೆಯ ಗೂಡಿನಲ್ಲಿ ಇಟ್ಟರು. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಮಲಕಾಜಪ್ಪ ಇಳಿಸಿ ಕುಂಕುಮ ಹಚ್ಚುತ್ತಿದ್ದ, ಶಂಕ್ರವ್ವ ಹಾಡುತ್ತಿದ್ದಳು, ಮತ್ತೆ ಗೂಡು. ಅಷ್ಟಕ್ಕೇ ತೃಪ್ತನಾಗಿದ್ದೆ. ಮಗ ಮುತ್ತಪ್ಪ ಮಗ್ಗದ ಕೆಲಸ ಹಿಡಿದ, ಅವನಿಗೆ ಮದುವೆಯಾಯಿತು, ಸೊಸೆಯಾಗಿ ದಾಕ್ಷಾಯಿಣಿ ಬಂದಳು. ಅವಳ ಹಿಂದೆಯೇ ಅವಳ ತವರಿನಿಂದ ಅವನೂ ಬಂದ.

ಅವನು ಎಂದರೆ ಲ್ಯಾಪ್‌ಟಾಪ್. ದಾಕ್ಷಾಯಿಣಿಯ ಅಣ್ಣ ಕಾಲೇಜಿನಲ್ಲಿ ಬಳಸಿ ಬಿಟ್ಟದ್ದು. ಒಂದು ಕೀಲು ಸಡಿಲ, ಮೈಮೇಲೆ ಗೀರು. ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವನಾದರೂ ನನಗಿಂತ ಮುದುಕನಂತೆ ಕೆಮ್ಮುತ್ತಿದ್ದ. ಅವನನ್ನು ಕಂಡು ಮೊದಲು ಒಳಗೊಳಗೇ ನಕ್ಕೆ.

ದಾಕ್ಷಾಯಿಣಿ ಹಗಲು ಕುಪ್ಪಸ ಹೊಲಿಯುವವಳು. ಮಧ್ಯಾಹ್ನ ಊಟವಾದ ಮೇಲೆ ಎರಡು ತಾಸು ಅವನ ಮುಂದೆ ಕೂರುತ್ತಿದ್ದಳು. ದನಿ ಹಿಡಿದು ತಿದ್ದಿ ಬೆರೆಸುವ ಒಂದು ತಂತ್ರಾಂಶವನ್ನು ಅವನೊಳಗೆ ಇಳಿಸಿಕೊಂಡಿದ್ದಳು. ಅದನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಂತೆ. ಮೊಬೈಲಿನಲ್ಲಿ ಪಾಠದ ವಿಡಿಯೋ ನೋಡುವುದು, ನಿಲ್ಲಿಸುವುದು, ಅಳತೆ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಳ್ಳುವುದು. ಎದೆ ಸುತ್ತಳತೆ, ತೋಳಿನ ಉದ್ದ ಬರೆದ ಹಾಳೆಯ ಹಿಂದೆ ‘ರಿವರ್ಬ್: ಕೋಣಿ ದೊಡ್ಡದು ಅನಸೂದು’ ಎಂದಿರುತ್ತಿತ್ತು.

ಒಂದು ಮಧ್ಯಾಹ್ನ ಅವಳು ನನ್ನನ್ನು ಗೂಡಿನಿಂದ ಇಳಿಸಿ ಅವನ ಪಕ್ಕದಲ್ಲಿಟ್ಟಳು. ಪರದೆಯ ಮೇಲೆ ಏನೋ ಒತ್ತಿದಳು. ಪರದೆಯ ತುಂಬ ನನ್ನದೇ ಚಿತ್ರ. ಅದೇ ಮೇಲೆ ಕೆಳಗೆ ಜಾರುವ ಗುಂಡಿಗಳು, ಅದೇ ಸಾಲು. ಆದರೆ ಎಂಟಲ್ಲ. ಅವಳು ಒತ್ತಿದಂತೆಲ್ಲ ಒಂಬತ್ತು, ಹದಿನೈದು, ಮೂವತ್ತು. ಬೇಕೆಂದಷ್ಟು ಹುಟ್ಟುತ್ತಿದ್ದವು, ಬೇಡವೆಂದರೆ ಮಾಯವಾಗುತ್ತಿದ್ದವು. ನನ್ನ ಎಂಟನ್ನು ಕೂಡಿಸಲು ದಾವಲಸಾಬ ಎಂಟು ದಿನ ಕಣ್ಣು ನೀರು ಮಾಡಿಕೊಂಡಿದ್ದ. ನನ್ನ ಮೈ ಉರಿದುಹೋಯಿತು.

ಅದಕ್ಕಿಂತ ದೊಡ್ಡ ಉರಿ ಇನ್ನೊಂದಿತ್ತು. ಅವಳು ತಪ್ಪು ಮಾಡಿದರೆ ಎರಡು ಗುಂಡಿ ಒತ್ತುತ್ತಿದ್ದಳು, ತಪ್ಪು ಆಗಿಯೇ ಇಲ್ಲವೆಂಬಂತೆ ಹಿಂದಕ್ಕೆ ಹೋಗುತ್ತಿತ್ತು. ಮತ್ತೆ ತಪ್ಪು, ಮತ್ತೆ ಹಿಂದಕ್ಕೆ. ನನಗೆ ಅಂಥ ಭಾಗ್ಯ ಯಾವಾಗ ಇತ್ತು? ಒಮ್ಮೆ ತಾಳಿ ಕಟ್ಟುವ ಹೊತ್ತಿನಲ್ಲಿ ನನ್ನ ಮೂರನೇ ಗುಂಡಿ ಕಿರ್ ಎಂದದ್ದನ್ನು ಆ ಮನೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ.

ಮಲಕಾಜಪ್ಪನೂ ನನ್ನ ಹಾಗೆಯೇ ಕುದಿಯುತ್ತಿದ್ದ. ಬಾಗಿಲ ಬಳಿ ಕೂತು ಪೇಪರ್ ಓದುವ ನೆಪದಲ್ಲಿ ಸೊಸೆಯ ಪಾಠಕ್ಕೆ ಕಿವಿ ಕೊಡುತ್ತಿದ್ದ. ಅವಳು ಗಂಡನಿಗೆ ಕಂಪ್ರೆಸರ್ ಎಂದರೇನು ಎಂದು ವಿವರಿಸುತ್ತಿದ್ದಳು, ಹಾಡುವವರು ಒಮ್ಮೆಲೇ ಜೋರು ಮಾಡಿದರೆ ತಾನಾಗಿಯೇ ದನಿ ತಗ್ಗಿಸುತ್ತದೆ, ಪಿಸುಗುಟ್ಟಿದರೆ ಹಾಗೇ ಬಿಡುತ್ತದೆ ಎಂದು. ಮಲಕಾಜಪ್ಪ ಪೇಪರನ್ನು ಮಡಿಸಿ ಎದ್ದ.

“ಅದನ್ನ ನಾ ಈ ಬಟ್ಟೀಲೆ ಮೂವತ್ತ ವರ್ಸ ಮಾಡೀನಿ,” ಎಂದು ಬಲಗೈಯ ತೋರುಬೆರಳು ಎತ್ತಿ ತೋರಿಸಿದ. “ಅದಕ್ಕ ಒಂದ ಇಂಗ್ಲೀಷ್ ಹೆಸರ ಇಟ್ಟಾರ, ಅಷ್ಟ.”

ಅವನು ಮುಖ ಗಂಟಿಕ್ಕಿಕೊಂಡು ಹೊರಗೆ ಹೋದ. ದಾಕ್ಷಾಯಿಣಿ ಅವನು ಹೋದ ದಾರಿಯನ್ನೇ ನೋಡಿದಳು. ಆಮೇಲೆ ಅಳತೆ ಪುಸ್ತಕ ತೆರೆದು ಕಂಪ್ರೆಸರ್ ಎಂದು ಬರೆದದ್ದರ ಮುಂದೆ ‘ಮಾವನ ಬೆರಳು’ ಎಂದು ಬರೆದಳು. ನಾನು ಕಣ್ಣಾರೆ ಕಂಡೆ, ಅವನು ಕಾಣಲಿಲ್ಲ.

ಅವಳಿಗೆ ಅಭ್ಯಾಸಕ್ಕೆ ದನಿ ಬೇಕಿತ್ತು. ಮನೆಯಲ್ಲಿ ಸದಾ ಹಾಡುವವಳು ಅತ್ತೆ ಒಬ್ಬಳೇ. ಹೀಗಾಗಿ ಶಂಕ್ರವ್ವ ಕಂಡಿಕಿ ಸುತ್ತುತ್ತಾ ಹಾಡುವಾಗ ಅವಳ ಎದುರು ಒಂದು ಸಣ್ಣ ಮೈಕು ಇಟ್ಟು, ಅದರ ತಂತಿಯನ್ನು ನೇರವಾಗಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಹಿಡಿದುಕೊಳ್ಳುತ್ತಿದ್ದಳು. ನೆರೆಮನೆಯ ಮಗ್ಗದ ಧಡ್ ಕಟ್ ಅದರಲ್ಲಿ ತುಂಬಿಕೊಂಡಿರುತ್ತಿತ್ತು. ಆ ಗದ್ದಲ ತೆಗೆಯುವುದೇ ಅವಳ ಪಾಠ. ಅವಕ್ಕೆ ‘ಅಭ್ಯಾಸ ಒಂದು’, ‘ಅಭ್ಯಾಸ ಎರಡು’ ಎಂದು ಹೆಸರಿಟ್ಟಳು. ಶಂಕ್ರವ್ವನ ದನಿ ನನ್ನನ್ನು ದಾಟದೆ ಬೇರೆಯವನ ಹೊಟ್ಟೆ ಸೇರಿದ್ದು ಅದೇ ಮೊದಲು. ಮನೆಯ ಹೆಂಗಸು ಪಕ್ಕದ ಮನೆಗೆ ಊಟ ಬಡಿಸಿದಂತೆ ನನಗೆ ಸಂಕಟವಾಯಿತು.

ಆ ವರ್ಷ ದೀಪಾವಳಿ ಕಳೆದ ಮೇಲೆ ಶಂಕ್ರವ್ವನ ದನಿ ಒಡೆಯತೊಡಗಿತು. ಮೇಲಿನ ಸ್ವರಕ್ಕೆ ಹೋದರೆ ಗಾಳಿ ಮಾತ್ರ ಬರುತ್ತಿತ್ತು. ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿ, ದನಿಯ ಎಳೆಯ ಮೇಲೆ ಗಂಟಿದೆ, ತೆಗೆಯಬೇಕು ಎಂದರು. ಮಾತು ಬರುತ್ತದೆ, ಹಾಡು ಬರುವುದರ ಬಗ್ಗೆ ಭರವಸೆ ಕೊಡಲಾರೆ ಎಂದೂ ಹೇಳಿದರು. ಆಪರೇಷನ್ನಿಗೆ ದಿನ ಗೊತ್ತಾಯಿತು. ಅದಕ್ಕೆ ನಾಲ್ಕು ದಿನ ಮೊದಲಿನಿಂದ ಬಾಯಿ ತೆರೆದು ಒಂದು ಮಾತೂ ಆಡಕೂಡದು. ಲೆಕ್ಕ ಹಾಕಿದರೆ, ಮೌನ ಶುರುವಾಗುವ ದಿನದ ಹಿಂದಿನ ದಿನವೇ ಅಮಾವಾಸ್ಯೆ.

ಇಡೀ ಓಣಿ ಸುಮ್ಮನಿರುವ ಒಂದೇ ದಿನ, ಅವಳು ಹಾಡಬಹುದಾದ ಕೊನೆಯ ದಿನ. ಹನ್ನೊಂದು ಹಾಡುಗಳನ್ನೂ ಅಂದೇ ಹಿಡಿದಿಡೋಣ ಎಂದಳು ದಾಕ್ಷಾಯಿಣಿ. ಎಲ್ಲರೂ ಒಪ್ಪಿದರು. ಮಲಕಾಜಪ್ಪ ಮಾತ್ರ ಒಂದು ಷರತ್ತು ಹಾಕಿದ. ಮೈಕಿನ ತಂತಿ ಮೊದಲು ನನ್ನೊಳಗೆ ಬರಬೇಕು, ನನ್ನಿಂದ ಲ್ಯಾಪ್‌ಟಾಪಿಗೆ ಹೋಗಬೇಕು. ಅಭ್ಯಾಸದ ಮಾತು ಬೇರೆ, ತನ್ನ ಹೆಂಡತಿಯ ದನಿ ಹಸಿರು ಪೆಟ್ಟಿಗೆ ದಾಟದೆ ಎಲ್ಲಿಗೂ ಹೋಗಿಲ್ಲ, ಅವತ್ತೂ ಹೋಗುವುದಿಲ್ಲ ಎಂದ. ಅವನ ಮಾತು ಕೇಳಿ ನನಗೆ ಹೋದ ಜೀವ ಬಂದಂತಾಯಿತು.

ದಾಕ್ಷಾಯಿಣಿ ತುಸು ಯೋಚಿಸಿ ಹೂಂ ಎಂದಳು. ಆದರೆ ಎಕೋ ಮಾತ್ರ ಬೇಡ ಎಂದು ಕೈಮುಗಿದಷ್ಟು ಮೆತ್ತಗೆ ಕೇಳಿಕೊಂಡಳು. ಬರಿ ದನಿ ಸಿಕ್ಕರೆ ಆಮೇಲೆ ಬೇಕಾದದ್ದು ಸೇರಿಸಬಹುದು, ಎಷ್ಟು ಬೇಕೋ ಅಷ್ಟೇ. ಮಲಕಾಜಪ್ಪ ಆಯಿತು ಎಂದು ತಲೆಯಾಡಿಸಿದ.

ಅಮಾವಾಸ್ಯೆಯ ಬೆಳಿಗ್ಗೆ ನಡುಮನೆಯಲ್ಲಿ ಕಂಬಳಿ ಹಾಸಿದರು. ದನಿ ಗೋಡೆಗೆ ಬಡಿದು ತಿರುಗಿ ಬರದಂತೆ ಕೌದಿಗಳನ್ನು, ಎಂದರೆ ದಪ್ಪ ಹೊದಿಕೆಗಳನ್ನು, ನೇತುಹಾಕಿದರು. ಓಣಿ ನಿಶ್ಶಬ್ದ. ಶಂಕ್ರವ್ವ ಇಳಕಲ್ ಸೀರೆ ಉಟ್ಟು, ಹಣೆತುಂಬ ಕುಂಕುಮ ಇಟ್ಟುಕೊಂಡು ಮೈಕಿನ ಮುಂದೆ ಕೂತಳು. ಮನೆಯಲ್ಲಿದ್ದ ಹೆಡ್‌ಫೋನ್ ಒಂದೇ. ಹಿರಿಯನೆಂದು ಅದನ್ನು ಮಲಕಾಜಪ್ಪನೇ ಕಿವಿಗೆ ಹಾಕಿಕೊಂಡ. ದಾಕ್ಷಾಯಿಣಿಗೆ ಉಳಿದದ್ದು ಪರದೆಯ ಮೇಲೆ ಏರಿಳಿಯುವ ಗೆರೆ. ಗೆರೆ ಕೆಂಪಾಗದಂತೆ ನೋಡಿಕೊಳ್ಳುವುದಷ್ಟೇ ಅವಳ ಕೆಲಸ.

ಶಂಕ್ರವ್ವ ಮೊದಲ ಹಾಡು ಎತ್ತಿದಳು.

“ಎಳಿ ಹರದರ ಕೂಡಸೇನ, ನನ ತಂಗಿ,
ಮಾತ ಹರದರ ಹ್ಯಾಂಗ ಕೂಡಸಲೆ...”

ಬರಿ ದನಿ ಹೆಡ್‌ಫೋನಿಗೆ ಹೋಯಿತು. ಅಲ್ಲಲ್ಲಿ ಒಡಕು, ಉಸಿರಿನ ಸದ್ದು, ಒಂದು ಕಡೆ ಗಂಟಲು ಜಾರಿದ್ದೂ ಕೇಳಿಸಿತು. ಮಲಕಾಜಪ್ಪನ ಮುಖ ಬಿಳಿಚಿತು. ಅವನ ಕೈ ನಿಧಾನವಾಗಿ ನನ್ನ ಬಲತುದಿಗೆ ಬಂತು. ಕೆಂಪು ಗುಂಡಿಯ ಮೇಲೆ ಎರಡು ಕ್ಷಣ ನಿಂತಿತು. ಆಮೇಲೆ ತಿರುಗಿತು, ಅರ್ಧದವರೆಗೆ, ಯಾವತ್ತಿನಂತೆ.

ಇಲ್ಲಿ ನನ್ನ ತಪ್ಪೊಪ್ಪಿಗೆ ಇದೆ. ನನ್ನ ಎಕೋ ಆ ಹೊತ್ತಿಗೆ ಹಳತಾಗಿತ್ತು. ಕಳೆದ ಎರಡು ಆಯುಧ ಪೂಜೆಗೂ ಕೈಕೊಟ್ಟಿತ್ತು, ಗುಂಡಿ ತಿರುಗಿಸಿದರೂ ಏನೂ ಆಗುತ್ತಿರಲಿಲ್ಲ. ಅಂದೂ ಕೈಕೊಡಬಹುದಿತ್ತು. ನಾನು ಕೈಕೊಡಲಿಲ್ಲ. ಪಕ್ಕದಲ್ಲಿ ಲ್ಯಾಪ್‌ಟಾಪ್ ಬೆಳಕು ಚೆಲ್ಲಿಕೊಂಡು ಕೂತಿದ್ದ, ಅವನೊಳಗೆ ಹೋಗುವ ದನಿಯ ಮೇಲೆ ನನ್ನ ಗುರುತು ಇರಲೇಬೇಕು ಎನ್ನಿಸಿತು. ಹನ್ನೊಂದು ಹಾಡಿಗೂ ಮೈಮುರಿದು ದುಡಿದೆ. ನನ್ನ ಇಡೀ ಆಯುಷ್ಯದಲ್ಲಿ ಅಷ್ಟು ಚೊಕ್ಕವಾಗಿ ಎಕೋ ಕೊಟ್ಟದ್ದಿಲ್ಲ. ಹಾಡು ಮುಗಿದಾಗ ಮಲಕಾಜಪ್ಪನ ಕಣ್ಣು ಒದ್ದೆಯಾಗಿತ್ತು, ಸೆಟ್ ಭಾರಿ ಕೂಡಿತು ಎಂದ.

ಮರುದಿನ ಮಧ್ಯಾಹ್ನ ದಾಕ್ಷಾಯಿಣಿ ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ಮೊದಲ ಹಾಡಿನ ಎರಡು ಸಾಲು ಕೇಳಿ ನಿಲ್ಲಿಸಿದಳು. ಎರಡನೆಯದು ಕೇಳಿದಳು, ಐದನೆಯದು, ಕೊನೆಯದು. ಪ್ರತಿ ಮಾತಿನ ಬಾಲ ಮುಂದಿನ ಮಾತಿನ ಮೇಲೆ ಬಿದ್ದು ಒಂದೂ ಬಿಡಿಯಾಗಿ ಕೇಳುತ್ತಿರಲಿಲ್ಲ. ಬಯಲಿನ ಸಾವಿರ ಜನಕ್ಕೆ ಚಂದ ಕೇಳುವುದು ಕಿವಿಯ ಹತ್ತಿರ ಗೋಜಲಾಗುತ್ತದೆ ಎಂಬುದು ನನಗೂ ಗೊತ್ತಿರಲಿಲ್ಲ. ಅವಳಿಗೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯಲಿಲ್ಲ.

ಮಲಕಾಜಪ್ಪ ಬಂದಾಗ ಅವಳು ಜಗಳವಾಡಲಿಲ್ಲ, ಎಕೋ ಹಾಕಿದ್ದಿರಾ ಎಂದಷ್ಟೇ ಕೇಳಿದಳು. ಅವನು ಎದೆ ಉಬ್ಬಿಸಿಯೇ ಉತ್ತರ ಕೊಟ್ಟ.

“ಎಕೋ ಇಲ್ಲದ ದನಿ ಬತ್ತಲ ಇದ್ದಂಗ. ಆಕೀನ ಹಂಗ ಕುಂಡ್ರಸಾಕ ನನಗ ಮನಸ ಆಗ್ಲಿಲ್ಲ. ಬ್ಯಾಡಾದ್ರ ನಿನ್ನ ಪೆಟಗ್ಯಾಗ ತೆಗಿ. ಎಲ್ಲಾ ಬರ್ತೈತಿ ಅಂತೀಯಲಾ ಅದಕ್ಕ.”

“ತೆಗಿಯಾಕ ಬರಂಗಿಲ್ರಿ ಮಾವಾ,” ಎಂದಳು ದಾಕ್ಷಾಯಿಣಿ. “ಹಾಕಾಕ ಬರ್ತೈತಿ. ಸಾರಿಗೆ ಬಿದ್ದ ಉಪ್ಪ ಅದು. ತೆಗಿಯಾಕ ಯಾರಿಗೂ ಬರಂಗಿಲ್ಲ.”

ಅವಳು ಹೆಡ್‌ಫೋನನ್ನು ಅವನ ಕೈಗೆ ಕೊಟ್ಟಳು. ಅವನು ಕೇಳಿದ. ನಿನ್ನೆ ಹಾಡಿನ ಹೊತ್ತಿನಲ್ಲಿ ಹೆಂಡತಿಯ ಮುಖ ನೋಡುತ್ತಾ ಕೇಳಿದ್ದ, ಇವತ್ತು ಮುಖವಿಲ್ಲ, ಬರಿ ದನಿ. ಹುಡುಕಿದರೂ ಅದರಲ್ಲಿ ಹೆಂಡತಿ ಸಿಗಲಿಲ್ಲ. ನಾನೇ ಸಿಕ್ಕೆ. ಸಾಲು ಸಾಲಿಗೂ ನಾನೇ.

ಅಡುಗೆಮನೆಯ ಬಾಗಿಲಲ್ಲಿ ಶಂಕ್ರವ್ವ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಮಾತಾಡುವಂತಿಲ್ಲ. ಅವಳು ಬಂದು ಗಂಡನ ಮುಂದೆ ಒಂದು ಲೋಟ ಚಹಾ ಇಟ್ಟು, ಕಂಡಿಕಿಯ ರಾಟೆಯ ಮುಂದೆ ಹೋಗಿ ಕೂತು ಸುತ್ತತೊಡಗಿದಳು. ಹಾಡಿಲ್ಲದೆ ತಿರುಗುವ ರಾಟೆಯ ಸದ್ದು ಆ ಮನೆಯಲ್ಲಿ ಅಂದೇ ಮೊದಲು ಕೇಳಿದ್ದು. ಮಲಕಾಜಪ್ಪ ಚಹಾ ಮುಟ್ಟಲಿಲ್ಲ. ಎದ್ದು ಬಂದು ನನ್ನ ಪ್ಲಗ್ ಕಿತ್ತ, ತಂತಿಯನ್ನು ಸುತ್ತಿ ನನ್ನ ಮೈಮೇಲೆ ಎಸೆದ. ಆವತ್ತಿನಿಂದ ನನ್ನೊಳಗೆ ಕರೆಂಟು ಹರಿದಿಲ್ಲ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಬಾಯಿರಲಿಲ್ಲ.

ಆಪರೇಷನ್ ಆಯಿತು. ಶಂಕ್ರವ್ವ ಮನೆಗೆ ಬಂದಳು. ಇನ್ನೂ ಮೂರು ವಾರ ಮಾತು ಬೇಡ ಎಂದಿದ್ದರು. ಆ ಮೂರು ವಾರ ಮಲಕಾಜಪ್ಪ ಸೊಸೆಯ ಕಣ್ಣು ತಪ್ಪಿಸಿ ಓಡಾಡಿದ. ಮಗ್ಗದ ಕಟ್ಟೆಗೆ ಹೋಗಿ ಕೂರುವುದು, ಊಟಕ್ಕೆ ಮಾತ್ರ ಬರುವುದು.

ದಾಕ್ಷಾಯಿಣಿ ಸುಮ್ಮನೆ ಕೂರಲಿಲ್ಲ. ತನ್ನ ಹಳೆಯ ಅಭ್ಯಾಸದ ತುಣುಕುಗಳನ್ನು ಹುಡುಕಿ ತೆಗೆದಳು. ಆಗಿನ್ನೂ ಶಂಕ್ರವ್ವನ ದನಿ ಒಡೆದಿರಲಿಲ್ಲ. ತುಣುಕುಗಳಲ್ಲಿ ಹನ್ನೊಂದರಲ್ಲಿ ಒಂಬತ್ತು ಹಾಡುಗಳು ಸಿಕ್ಕವು. ಎರಡು ಸಿಗಲೇ ಇಲ್ಲ. ಸಿಕ್ಕ ಒಂಬತ್ತರ ಮೇಲೂ ಮಗ್ಗ ಕುಣಿಯುತ್ತಿತ್ತು. ಕಲಿತ ವಿದ್ಯೆಯನ್ನೆಲ್ಲ ಖರ್ಚು ಮಾಡಿ ಆ ಸದ್ದನ್ನು ತೆಗೆದಳು. ಮಗ್ಗ ಹೋಯಿತು, ಜೊತೆಗೆ ದನಿಯ ಜೀವವೂ ಹೋಯಿತು. ಶಂಕ್ರವ್ವ ಬಾವಿಯ ನೀರೊಳಗೆ ಕೂತು ಹಾಡಿದಂತೆ ಕೇಳಿಸಿತು. ಹಿಂದಕ್ಕೆ ಹೋದಳು, ಮತ್ತೆ ತೆಗೆದಳು, ಮತ್ತೆ ಬಾವಿ. ಲ್ಯಾಪ್‌ಟಾಪ್ ಕಾದ ಹಂಚಿನಂತೆ ಬಿಸಿಯಾಗಿ ಕೆಮ್ಮಿದ. ತಳಕ್ಕೆ ಗಾಳಿ ಆಡಲಿ ಎಂದು ಅವಳು ಅವನನ್ನು ಎತ್ತಿ ನನ್ನ ಬೆನ್ನ ಮೇಲೆ ಕೂರಿಸಿದಳು. ಹೀಗೆ ಅವನು ನನ್ನ ತಲೆಯೇರಿದ. ಅಕ್ಷರಶಃ.

ಮೂರನೇ ವಾರದ ಒಂದು ಮಧ್ಯಾಹ್ನ ಅವಳು ಹೆಡ್‌ಫೋನ್ ಕಿತ್ತು, ಸ್ಪೀಕರಿನಲ್ಲೇ ಹಾಡನ್ನು ಬಿಟ್ಟಳು. ಸದ್ದು ತೆಗೆಯದ ಮೊದಲಿನ ತುಣುಕು, ಅಭ್ಯಾಸ ನಾಲ್ಕು. ಮಲಕಾಜಪ್ಪ ಊಟ ಮುಗಿಸಿ ಕೈ ತೊಳೆಯಲು ಹೊರಟವನು ಎಂಜಲು ಕೈಯಲ್ಲೇ ನಿಂತುಬಿಟ್ಟ. ನಾನೂ ಕೇಳಿದೆ. ಲ್ಯಾಪ್‌ಟಾಪ್ ನನ್ನ ಮೇಲೆ ಕೂತಿದ್ದರಿಂದ ಆ ದನಿ ನನ್ನ ತಗಡನ್ನು ಹಾಯ್ದುಕೊಂಡೇ ಹೋಯಿತು.

ಎಕೋ ಇರಲಿಲ್ಲ. ನಾನಿರಲಿಲ್ಲ. ದನಿ ಮಾತ್ರ ಇತ್ತು, ಆಗಷ್ಟೇ ನೆನೆಸಿ ಹಿಂಡಿದ ನೂಲಿನ ಹಾಗೆ. ಉಸಿರು ಎಲ್ಲಿ ತೆಗೆದಳು, ಎಲ್ಲಿ ನಕ್ಕಳು, ಕಂಡಿಕಿ ತುಂಬಿದ್ದರಿಂದ ಎಲ್ಲಿ ಒಂದು ಗಳಿಗೆ ತಡೆದಳು, ಎಲ್ಲ ಕೇಳಿಸುತ್ತಿತ್ತು. ಮೂವತ್ತು ವರ್ಷ ನಾನು ಆ ದನಿಗೆ ಅಂದ ಕೊಟ್ಟೆನೆಂದು ಬೀಗಿದ್ದೆ. ಮೂವತ್ತು ವರ್ಷ ಅದನ್ನು ನಾನು ಒಮ್ಮೆಯೂ ಕಿವಿಗೊಟ್ಟು ಕೇಳಿರಲೇ ಇಲ್ಲ. ಅದನ್ನು ಮೊದಲು ಕೇಳಿದವನು ನಿನ್ನೆ ಮೊನ್ನೆ ಬಂದ ಆ ಕೆಮ್ಮುವವನು. ಬೆಳ್ಳಿ ಬಣ್ಣಕ್ಕಾಗಿ, ಮಲ್ಲಿಗೆ ಮಾಲೆಗಾಗಿ ಪಟ್ಟ ಹೊಟ್ಟೆಕಿಚ್ಚೆಲ್ಲ ಇದರ ಮುಂದೆ ಏನೂ ಅಲ್ಲ.

“ಮಗ್ಗ ಯಾಕ ತೆಗಿತಿ?” ಎಂದ ಮಲಕಾಜಪ್ಪ, ಬಹಳ ದಿನದ ಮೇಲೆ ಸೊಸೆಯ ಕಡೆ ತಿರುಗಿ. “ಆಕಿ ಮಗ್ಗದ ಮ್ಯಾಲ ತಾಳ ಹಿಡದ ಹಾಡ್ಯಾಳ. ಅದನ್ನ ತೆಗದ್ರ ಕಾಲ ಕಡದಂಗ ಆಕ್ಕೈತಿ. ಸರಸು ಅದನ್ನ, ತೆಗೀಬ್ಯಾಡ.”

ಹೇಗೆ ಸರಿಸುವುದು ಎಂದು ಅವಳು ಕೇಳಿದಳು. ಅವನು ಕೈ ತೊಳೆದು ಬಂದು ಅವಳ ಪಕ್ಕದಲ್ಲಿ ಕೂತ. ಮಗ್ಗ ಎರಡು ಕಡೆ ಕೂತಿದೆ, ಕೆಳಗೆ ಧಡ್, ಮೇಲೆ ಕಟ್, ನಡುವೆ ಜಾಗ ಬಿಟ್ಟಿದೆ, ಶಂಕ್ರವ್ವನ ದನಿ ಇರುವುದು ಆ ನಡುವಿನಲ್ಲಿ ಎಂದ. ಸಂತೆಯ ಗದ್ದಲದ ಮೇಲೆ, ಬ್ಯಾಂಡಿನ ಮೇಲೆ, ಮಗ್ಗದ ಮೇಲೆ ದನಿ ಎತ್ತಿ ನಿಲ್ಲಿಸಿದ ಕಿವಿ ಅವನದು. ಅವಳು ಪರದೆಯ ಮೇಲೆ ದನಿಯ ಗೆರೆಯನ್ನು ಅವನು ಹೇಳಿದಲ್ಲಿ ತಗ್ಗಿಸಿದಳು. ಧಡ್ ಹಿಂದಕ್ಕೆ ಸರಿದು ಗೋಡೆಯಾಚೆ ಹೋಯಿತು. ಶಂಕ್ರವ್ವ ಮುಂದೆ ಬಂದು ಕೂತಳು. ದಾಕ್ಷಾಯಿಣಿ ಆ ನಡುವಿನ ದನಿಯನ್ನು ಪರದೆಯ ಒಂದನೇ ಗುಂಡಿಗೂ ಮಗ್ಗವನ್ನು ಎರಡನೆಯದಕ್ಕೂ ಕಟ್ಟಿದಳು.

ಮಾವನಿಗೆ ಲ್ಯಾಪ್‌ಟಾಪಿನ ಇಲಿಯನ್ನು, ಎಂದರೆ ಮೌಸನ್ನು, ಹಿಡಿಯಲು ಕೊಟ್ಟು ನೋಡಿದಳು. ಆಗಲಿಲ್ಲ. ಆ ಹಗುರ ಬೆರಳು ಇಲಿಯ ಮೇಲೆ ಕಲ್ಲಾಗುತ್ತಿತ್ತು, ಒಂದು ನೂಲು ಏರಿಸಲು ಹೋದರೆ ಗೇಣು ಏರುತ್ತಿತ್ತು. ಸಿಟ್ಟಿನಿಂದ ಕೈ ಹಿಂದೆ ತೆಗೆದವನು ತನಗೆ ತಿಳಿಯದೆಯೇ ಆ ಕೈಯನ್ನು ಲ್ಯಾಪ್‌ಟಾಪಿನ ಕೆಳಗೆ ಇಣುಕುತ್ತಿದ್ದ ನನ್ನ ಮುಂದಿನ ಅಂಚಿನ ಮೇಲೆ ಇಟ್ಟ. ಒಂದನೇ ಗುಂಡಿ. ಕಣ್ಣು ಮುಚ್ಚಿ, ಹಾಡು ಕೇಳುತ್ತಾ, ಅದನ್ನು ಒಂದು ಕೂದಲಿನಷ್ಟು ಮೇಲಕ್ಕೆ ಜಾರಿಸಿದ.

ದಾಕ್ಷಾಯಿಣಿ ಅವನ ಬೆರಳನ್ನು ನೋಡಿದಳು. ಪರದೆಯ ಮೇಲಿನ ಒಂದನೇ ಗುಂಡಿಯನ್ನು ಅಷ್ಟೇ ಏರಿಸಿದಳು. ಅವನು ಇಳಿಸಿದ, ಅವಳು ಇಳಿಸಿದಳು. ಅವನು ಕಣ್ಣು ತೆರೆಯಲಿಲ್ಲ. ಒಂಬತ್ತು ಹಾಡುಗಳನ್ನು ಅವರಿಬ್ಬರೂ ಹನ್ನೆರಡು ಮಧ್ಯಾಹ್ನಗಳಲ್ಲಿ ಹೀಗೆಯೇ ಬೆರೆಸಿದರು.

ಈಗಲೂ ನಾನು ಇದೇ ಜಾಗದಲ್ಲಿದ್ದೇನೆ. ಬಣ್ಣ ಉದುರಿದೆ, ಎರಡು ಗುಂಡಿಗಳ ಟೊಪ್ಪಿಗೆ ಕಳೆದುಹೋಗಿದೆ. ಸಿಗದೆ ಹೋದ ಆ ಎರಡು ಹಾಡುಗಳು ಅಮಾವಾಸ್ಯೆಯ ದಿನದ ಎಕೋದೊಳಗೇ ಸಿಕ್ಕಿಕೊಂಡು ಉಳಿದಿವೆ. ಕೆಲವು ಸಲ ದಾಕ್ಷಾಯಿಣಿ ಅವನ್ನು ಹಾಕಿ, ಮಾತು ಬಿಡಿಸಿಕೊಳ್ಳಲು ನೋಡಿ, ಅರ್ಧಕ್ಕೆ ನಿಲ್ಲಿಸುತ್ತಾಳೆ. ಆಗ ಮಲಕಾಜಪ್ಪ ಕಿಟಕಿಯಾಚೆ ನೋಡುತ್ತಾನೆ. ನನಗೆ ನೋಡಲು ಕಿಟಕಿಯೂ ಇಲ್ಲ, ಪೂರ್ತಿ ಕೇಳಬೇಕು.

ಎಲ್ಲ ಮುಗಿದ ದಿನದ್ದು ಒಂದು ಮಾತು ಹೇಳಿ ಸಾಕು ಮಾಡುತ್ತೇನೆ. ಶಂಕ್ರವ್ವನಿಗೆ ಮಾತಾಡಲು ಅಪ್ಪಣೆ ಸಿಕ್ಕಿತ್ತು. ದನಿ ಒರಟಾಗಿತ್ತು, ತಗಡಿಗೆ ಮರಳು ಉಜ್ಜಿದ ಹಾಗೆ. ಒಂದು ಸಲ ಸಣ್ಣಗೆ ಹಾಡಿ ನೋಡಿದಳು, ಏನೂ ಬರಲಿಲ್ಲ, ಮತ್ತೆ ನೋಡಲಿಲ್ಲ. ಮೂವರೂ ಕೂತು ಹಾಡು ಕೇಳಿದರು. ಅವಳು ತನ್ನ ದನಿಯನ್ನು ಯಾರೋ ದೂರದ ಬಂಧುವಿನ ದನಿಯಂತೆ ತಲೆ ವಾರೆ ಮಾಡಿ ಕೇಳಿದಳು. ಮುಗಿದ ಮೇಲೆ ಮಲಕಾಜಪ್ಪ ನೆಲ ನೋಡುತ್ತಾ, ನಿನ್ನ ದನಿ ಭಾರಿ ಐತಿ ಎಂದ. ಸೆಟ್ ಎನ್ನಲಿಲ್ಲ. ನನಗೆ ಚುರುಕ್ಕೆಂದಿತು. ಅವಳು ಹಾಡನ್ನು ಇನ್ನೊಮ್ಮೆ ಹಾಕಿಸಿದಳು.

ನಡುವಿನಲ್ಲಿ ಕೈ ಎತ್ತಿ ತಡೆದಳು. “ಮಗ್ಗ ಇನ್ನೊಂದೀಟ ಏರಸ್ರಿ,” ಎಂದಳು ಗಂಡನಿಗೆ. “ಕೇಳವೊಲ್ದು. ನಾ ಒಬ್ಬಾಕೀನ ಕುಂತಂಗ ಅನಸ್ತೈತಿ.”

ಮಲಕಾಜಪ್ಪನ ಬೆರಳು ನನ್ನ ಎರಡನೇ ಗುಂಡಿಗೆ ಬಂತು. ನಿಧಾನವಾಗಿ ಮೇಲಕ್ಕೆ ಜಾರಿಸಿದ. ಮೇಲೆ ದಾಕ್ಷಾಯಿಣಿಯ ಕೈ ಆಡಿತು, ನನ್ನ ತಲೆಯ ಮೇಲಿನವನು ತಾನೇ ಎಲ್ಲ ಮಾಡಿದವನಂತೆ ಬೆಳಕು ಚೆಲ್ಲಿದ. ಚೆಲ್ಲಲಿ. ಯಾ‌ವ ಬೆರಳು ಯಾರನ್ನು ಮುಟ್ಟಿತ್ತು ಎಂಬುದು ಅವನಿಗೇನು ಗೊತ್ತು? ನನ್ನ ಪ್ಲಗ್ ಗೋಡೆಯಲ್ಲಿರಲಿಲ್ಲ, ಒಂದು ತಂತಿಯೂ ನನ್ನಿಂದ ಎಲ್ಲಿಗೂ ಹೋಗಿರಲಿಲ್ಲ. ಆದರೂ ಮಗ್ಗದ ಸದ್ದು ಏರಿತು.